ಸೋಮವಾರದ ಒಡಪು, ಮಂಗಳವಾರದ ಫೋನು

ಹಲ್ಲು ನೋಯುತ್ತಿತ್ತು. ಸೇಡಂನಲ್ಲಿ ನಮ್ಮ ಮನೆ ಹತ್ತಿರದ ಹಲ್ಲಿನ ಡಾಕ್ಟರ ಬಳಿಗೆ ಹೋದೆ. ಆತ ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ದವಡೆಗೆ ಒತ್ತಿ, "ಜರಾ ಹೊತ್ತು ಬಾಯಿ ಮುಚ್ಚಿಕೊಂಡು ಕುಂದ್ರಿ ಅಮ್ಮಾ" ಎಂದ. ಬಾಯಿ ಮುಚ್ಚಿಕೊಂಡು ಕೂಡುವುದು ನನಗೆ ಎಂದೂ ಒಗ್ಗಿದ ಕೆಲಸವಲ್ಲ. ಆದರೂ ಕೂತೆ. ಲವಂಗದ ಘಾಟು ಮೂಗಿಗೆ ಏರಿದ್ದೇ ತಡ, ಶಹಾಬಾದದ ಆ ಮಹಡಿ ಕೋಣೆ, ಹಸಿರು ಪರದೆ, ಮೇಜಿನ ಮೇಲಿನ ಮೈಕು ಎಲ್ಲ ಕಣ್ಣ ಮುಂದೆ ಬಂದವು. ಆ ಮೈಕಿಗೆ ಕೆಂಪು ಸ್ಪಂಜಿನ ಟೊಪ್ಪಿಗೆ ಹಾಕಿದ್ದೆವು. ಅದು ಯಾವಾಗ ಮೂಸಿದರೂ ಲವಂಗದ ವಾಸನೆ. ದನಿ ಕೆಡಬಾರದೆಂದು ಅಕ್ಕ ದವಡೆಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡೇ ಮಾತಾಡುತ್ತಿದ್ದಳು…

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಪೂರ್ತಿ ಹೇಳಬೇಕೆಂದರೆ ಒಡಪಿನಕ್ಕ. ಕಂಪನಿ ನಾಟಕದಲ್ಲಿ ನಗಿಸಿದವಳು, ರೇಡಿಯೊದಲ್ಲಿ ಮಾತಾಡಿದವಳು, ನಮ್ಮ ಲೋಕಲ್ ಚಾನೆಲ್ಲಿನಲ್ಲಿ ಸುದ್ದಿ ಓದಿದವಳು, ಸಿನಿಮಾದಲ್ಲಿ ನಾಲ್ಕು ಮಾತಾಡಿ ಬಂದವಳು, ಕೊನೆಗೆ ಮಂದಿಯ ಮೊಬೈಲಿನಲ್ಲೂ ಹೋಗಿ ಕೂತವಳು. ಇಷ್ಟೆಲ್ಲ ಆದದ್ದು ಒಂದೇ ಒಂದು ಹೆಸರಿನಿಂದ. ಅದು ಅವಳ ಗಂಡನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳ ಬಾಯಿಂದ ಕೇಳಿದವರಿಗೆ ಅದು ಗೊತ್ತಿದೆ, ಉಳಿದವರಿಗೆ ಹೇಳಿದರೂ ಅದು ಬರೀ ಒಂದು ಹೆಸರು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾಗಿ ಬರುವುದು ಮದುವೆ ಮನೆಯಲ್ಲಿ, ಬಸುರಿಗೆ ಉಡಿ ತುಂಬುವ ಕುಬಸದ ಮನೆಯಲ್ಲಿ. ನಾಲ್ಕು ಜನ ಬಾಗಿಲಿಗೆ ಅಡ್ಡ ನಿಂತು, "ಹೆಸರು ಹೇಳು, ಆಮ್ಯಾಲ ಒಳಗ ಬಾ" ಎನ್ನುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರ ತುದಿಗೆ ಹೆಸರನ್ನು ಸಿಕ್ಕಿಸಿ ಹೇಳಿ ಪಾರಾಗಬೇಕು. ಅದೇ ಒಡಪು. ಹೆಚ್ಚಿನವರು ಅವ್ವ ಕಲಿಸಿದ್ದನ್ನೇ ಗಿಳಿಯ ಹಾಗೆ ಒಪ್ಪಿಸುತ್ತಾರೆ. ಬೆಳ್ಳಿ ಬಟ್ಟಲು, ಮಲ್ಲಿಗೆ ಮೊಗ್ಗು, ಬಾಳೆ ಎಲೆ. ಕೇಳಿ ಕೇಳಿ ಕಿವಿ ತೂತಾಗಿರುತ್ತವೆ.

ಅಕ್ಕನ ತವರು ಸೇಡಂ ಕಡೆಯ ಒಂದು ಹಳ್ಳಿ. ಕೊಟ್ಟದ್ದು ಶಹಾಬಾದಕ್ಕೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವವರಿಗೆ. ಮದುಮಗಳಾಗಿ ಗಂಡನ ಮನೆಯ ಹೊಸ್ತಿಲಲ್ಲಿ ನಿಂತಾಗ ಅವಳು ಹೇಳಿದ ಮೊದಲ ಒಡಪನ್ನು ಆ ಓಣಿಯ ಮುದುಕಿಯರು ನನಗೂ ಹೇಳಿ ತೋರಿಸಿದ್ದಾರೆ.

"ಹೆಣ್ಣು ನೋಡಾಕ ಬಂದ್ರು, ಮಾರಿ ತುಂಬ ಫರಸಿ ಧೂಳಿತ್ತು,
ಚಾ ಕುಡದು ಮಾರಿ ಒರಸ್ಕೊಂಡ ಮ್ಯಾಲ ಒಳಗೊಬ್ರು ಅದಾರಂತ ಗೊತ್ತಾತು…"

ಆಮೇಲೆ ಹೆಸರು. ಆರತಿ ತಟ್ಟೆ ಹಿಡಿದಿದ್ದ ಅತ್ತೆ ನಗು ತಡೆಯಲಾರದೆ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ಗೋಡೆ ಹಿಡಿದುಕೊಂಡಳಂತೆ. ಅಲ್ಲಿಂದ ಮುಂದೆ ಆ ಓಣಿಯಲ್ಲಿ, ಆಮೇಲೆ ಆ ಊರಿನಲ್ಲಿ, ಯಾರ ಮನೆಯಲ್ಲಿ ಮದುವೆಯಾದರೂ ಅಕ್ಕನಿಗೆ ಮೊದಲು ಕರೆ. ಪ್ರತಿ ಮನೆಗೂ ಹೊಸ ಒಡಪು. ಗಂಡನ ಗೊರಕೆ, ಗಂಡನ ಚಪ್ಪಲಿ, ಗಂಡ ಸಂತೆಯಿಂದ ತಂದ ಹುಳುಕು ಬದನೆಕಾಯಿ, ಯಾವುದನ್ನೂ ಬಿಡುತ್ತಿರಲಿಲ್ಲ.

ಒಂದು ವರ್ಷ ನಾಟಕ ಕಂಪನಿ ಬಂದು ಸ್ಟೇಷನ್ ಹತ್ತಿರ ಟೆಂಟು ಹಾಕಿತು. ಅದರ ಹಾಸ್ಯದ ನಟಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಕಂಪನಿಯವರಿಗೆ ಯಾರೋ ಅಕ್ಕನ ಮನೆ ತೋರಿಸಿದರು. ಮ್ಯಾನೇಜರ್ ಬಂದು ಗಂಡನ ಅಪ್ಪಣೆ ಕೇಳಿದರೆ ಆ ಪುಣ್ಯಾತ್ಮ, "ನನಗ್ಯಾಕ ಕೇಳ್ತೀರಿ? ಮಾತಾಡಾಕಿ ಅಕಿ. ಅಕೀಗಿ ಕೇಳ್ರಿ" ಎಂದು ಬೀಡಿ ಹಚ್ಚಿದರಂತೆ. ಆ ಕಾಲದಲ್ಲಿ ಹಾಗೆ ಹೇಳುವ ಗಂಡಸು ಹತ್ತು ಊರಿಗೆ ಒಬ್ಬ ಸಿಗುತ್ತಿದ್ದನೋ ಇಲ್ಲವೋ. ಅಕ್ಕ ರಂಗದ ಮೇಲೆ ಮನೆಗೆಲಸದವಳಾದಳು, ಜಗಳಗಂಟಿ ಅತ್ತೆಯಾದಳು, ಮೀಸೆ ಅಂಟಿಸಿಕೊಂಡು ಪೊಲೀಸನೂ ಆದಳು. ಯಾವ ಪಾತ್ರವಿದ್ದರೂ ನಡುವೆ ಒಮ್ಮೆ ರಂಗದ ತುದಿಗೆ ಬಂದು ಒಡಪಿಟ್ಟು ಗಂಡನ ಹೆಸರು ಹೇಳಿಯೇ ಸಿದ್ಧ. ಮೀಸೆಯ ಪೊಲೀಸ ಗಂಡನ ಹೆಸರು ಹೇಳಿದರೆ ಹೇಗಿರುತ್ತದೆ, ನೀವೇ ನೆನೆಸಿಕೊಳ್ಳಿ. ಮಂದಿ ಒನ್ಸ್ ಮೋರ್ ಎಂದು ಕೂಗಿ ಟೆಂಟು ಹಾರಿಸುತ್ತಿದ್ದರು.

ಗಂಡ ಒಳಗೆ ಬರುತ್ತಿರಲಿಲ್ಲ. ಹೊರಗೆ ಚಾದ ಬಂಡಿಯ ಪಕ್ಕ ಕೂತು, ಆಟ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬೀಡಿ ಬಿಡಿರಿ ಎಂದರೆ ಹೂಂ, ಊಟ ಆಯಿತಾ ಎಂದರೆ ಹೂಂ, ಮಳೆ ಬರುತ್ತದಾ ಎಂದರೂ ಹೂಂ. ಒಮ್ಮೆ ಮಾತ್ರ ಅವರ ಬಾಯಿಂದ ಪೂರ್ತಿ ವಾಕ್ಯ ಕೇಳಿದ್ದೇನೆ. ಚಾದಂಗಡಿಯಲ್ಲಿ ಒಬ್ಬ, "ನಿನ್ನ ಹೇಣ್ತಿ ದಿನಾ ಮಂದ್ಯಾಗ ನಿನ್ನ ಮಾನ ಕಳೀತಾಳಲ್ಲೋ" ಎಂದು ಕೆಣಕಿದ. ಕಾಕಾ ಕಪ್ಪು ಕೆಳಗಿಟ್ಟು ನಿಧಾನಕ್ಕೆ ಹೇಳಿದರು.

"ನನ್ನ ಹೆಸರು ನಾಕು ಊರಿಗಿ ಗೊತ್ತದ. ನಿಂದು ನಿಮ್ಮ ಓಣಿಗೇ ಗೊತ್ತಿಲ್ಲ."

ಕಂಪನಿ ಟೆಂಟು ಕಿತ್ತುಕೊಂಡು ಹೋಯಿತು, ಅಕ್ಕ ಹೋಗಲಿಲ್ಲ. ಕಲಬುರಗಿ ರೇಡಿಯೊದವರು ಕರೆದರು. ಹೆಂಗಸರ ಕಾರ್ಯಕ್ರಮದಲ್ಲಿ ಜಗಳಾಡುವ ನಾದಿನಿಯ ದನಿ, ರೈತರ ಕಾರ್ಯಕ್ರಮದಲ್ಲಿ ಗೊಬ್ಬರದ ಬಗ್ಗೆ ಪ್ರಶ್ನೆ ಕೇಳುವ ಮುದುಕಿಯ ದನಿ, ಎರಡೂ ಅವಳದೇ. ತೊಗರಿಗೆ ಯಾವ ಔಷಧ ಹೊಡೆಯಬೇಕೆಂದು ಅವಳು ಕೇಳಿದರೆ ಕೇಳುವವರಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಔಷಧದ ಹೆಸರು ನೆನಪಾಗುತ್ತಿತ್ತು.

ಅಷ್ಟರಲ್ಲಿ ಶಹಾಬಾದದಲ್ಲಿ ಕೇಬಲ್ ಟಿವಿ ಬಂತು. ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಮಾಲಕ ಒಂದು ಲೋಕಲ್ ಚಾನೆಲ್ ತೆರೆದ. ಅದೇ ಊರಿನಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಫೋನ್ ಎತ್ತುವ ಕೆಲಸಕ್ಕೆ ಇಟ್ಟುಕೊಂಡ. ಸಂಜೆ ಅರ್ಧ ಗಂಟೆ ಸುದ್ದಿ. ಕಳೆದುಹೋದ ಎಮ್ಮೆ, ನೀರು ಬಿಡುವ ಹೊತ್ತು, ತೀರಿಕೊಂಡವರ ಫೋಟೊ. ಓದುವವಳು ಅಕ್ಕ. ಎಮ್ಮೆ ಕಳೆದ ಸುದ್ದಿಯನ್ನು ಅವಳು ಓದಿದರೆ ಎಮ್ಮೆ ಕಳಕೊಂಡವನೂ ನಗುತ್ತಿದ್ದ. ತೀರಿಕೊಂಡವರ ಸುದ್ದಿಗೆ ಮಾತ್ರ ಬಾಯಲ್ಲಿನ ಲವಂಗ ತೆಗೆದು ಸೆರಗಿಗೆ ಕಟ್ಟಿಕೊಂಡು ನೆಟ್ಟಗೆ ಕೂತು ಓದುತ್ತಿದ್ದಳು. ಆಗ ಯಾರೂ ನಕ್ಕದ್ದು ನನಗೆ ನೆನಪಿಲ್ಲ.

ಸೋಮವಾರ ಸಂಜೆ ಒಡಪಿನ ಕಾರ್ಯಕ್ರಮ. ಅಕ್ಕ ಕ್ಯಾಮೆರಾ ಮುಂದೆ ಕೂತು ಒಂದು ಒಡಪು ಹೇಳುತ್ತಿದ್ದಳು, ಆಮೇಲೆ ಹೆಂಗಸರು ಮನೆಯಿಂದ ಫೋನ್ ಮಾಡಿ ತಮ್ಮ ತಮ್ಮ ಒಡಪು ಹೇಳಬೇಕು. ನಾನು ಫೋನ್ ಎತ್ತಿ, ಊರು ಕೇಳಿ, ಸ್ಪೀಕರಿಗೆ ಹಚ್ಚುತ್ತಿದ್ದೆ. ಅಕ್ಕ ಅವರನ್ನು ಕೆಣಕುತ್ತಿದ್ದಳು. ಛಲೋ ಹೇಳಿದವರಿಗೆ ವಾಡಿಯ ಬಳೆ ಅಂಗಡಿಯವರ ಕಡೆಯಿಂದ ಹಸಿರು ಗಾಜಿನ ಬಳೆ. ಆ ಹೊತ್ತಿಗೆ ವಾಡಿ, ಚಿತ್ತಾಪುರದಲ್ಲಿ ಗಂಡಸರಿಗೆ ಊಟ ತಡವಾಗಿಯೇ ಸಿಗುತ್ತಿತ್ತು.

ಇಲ್ಲೊಂದು ಪೀಕಲಾಟ ಹೇಳಬೇಕು. ಶಹಾಬಾದ, ವಾಡಿ, ಚಿತ್ತಾಪುರಕ್ಕೆ ಕಾರ್ಯಕ್ರಮ ನೇರ ಹೋಗುತ್ತಿತ್ತು. ಚಿಂಚೋಳಿ ಕಡೆ ನಮ್ಮ ವೈರು ಇರಲಿಲ್ಲ. ಅದಕ್ಕೆ ಕ್ಯಾಸೆಟ್ಟನ್ನು ಮುಂಜಾನೆಯ ಬಸ್ಸಿಗೆ ಹಾಕಿ, ಚಿಂಚೋಳಿಗೆ ಅಂಟಿಕೊಂಡ ಚಂದಾಪುರದ ಕೇಬಲಿನವನಿಗೆ ಕಳಿಸುತ್ತಿದ್ದೆವು. ಆತ ಅದನ್ನು ಮಂಗಳವಾರ ಮಧ್ಯಾಹ್ನ ಹಾಕುತ್ತಿದ್ದ. ನೋಡಿದ ಹೆಂಗಸರು ಅದು ಆಗಲೇ ನಡೆದಿದೆ ಎಂದುಕೊಂಡು ನಮಗೆ ಫೋನ್ ಹೊಡೆಯುವರು. "ಇದು ನಿನ್ನೀದ್ರಿ ಯವ್ವಾ" ಎಂದರೆ, "ಸುಳ್ಳ ಹೇಳಬ್ಯಾಡ ಬೇ, ಅಕಿ ಇಲ್ಲೇ ಕುಂತಾಳ, ನನ್ನ ಕಣ್ಣಿಗಿ ಕಾಣಸ್ಲಿಕತ್ತಾಳ" ಎಂದು ನನಗೇ ಬೈಯುವರು. ಪ್ರತಿ ಮಂಗಳವಾರ ಇದೇ ರಗಳೆ. ನಾನು ಮಾಲಕನಿಗೆ ಹೇಳಿದೆ, ಚಂದಾಪುರದವನಿಗೆ ಹೇಳಿದೆ, ಕ್ಯಾಸೆಟ್ಟಿನ ಮೇಲೆ ಬರೆದು ಕಳಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಎಷ್ಟೋ ವರ್ಷದ ಫರಸಿ ಧೂಳು ಎದೆಯಲ್ಲಿ ಕೂತಿತ್ತು. ಕೆಮ್ಮಿ ಕೆಮ್ಮಿ ಮನುಷ್ಯ ಅರ್ಧ ಆಗಿಬಿಟ್ಟಿದ್ದರು. ಒಂದು ಮುಂಜಾನೆ ಚಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ನಾನು ಹೋದಾಗ ಅಕ್ಕ ಮೂಲೆಯಲ್ಲಿ ಕೂತಿದ್ದಳು. ಸುತ್ತಲಿನ ಹೆಂಗಸರು ಅವಳ ಬಳೆ ತೆಗೆದಿದ್ದರು. ಆವತ್ತಿನ ಸುದ್ದಿಯಲ್ಲಿ ಕಾಕಾನ ಫೋಟೊ ಹಾಕಿ ನಾನೇ ಓದಿದೆ. ನನ್ನ ದನಿ ನಡುಗಿ ಊರಿನ ಹೆಸರೇ ತಪ್ಪಿತು.

ಅಕ್ಕನ ನಿಜವಾದ ಸಂಕಟ ಶುರುವಾದದ್ದು ಆಮೇಲೆ. ಗಂಡ ಸತ್ತವಳು ಒಡಪು ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಒಡಪು ಮುತ್ತೈದೆಯರದು. ಹೇಳಬೇಡ ಎಂದು ಯಾರೂ ಎದುರಿಗೆ ಬಂದು ಹೇಳುವುದಿಲ್ಲ, ಅವಳ ಸರದಿ ಬಂದಾಗ ಪಕ್ಕದವಳನ್ನು ಕೇಳುತ್ತಾರೆ, ಅಷ್ಟೆ. ಮದುವೆ ಮನೆಗಳಿಂದ ಅಕ್ಕನಿಗೆ ಕರೆ ಬರುವುದು ನಿಂತಿತು. ಹೊಟ್ಟೆ ಹುಣ್ಣಾಗುವಂತೆ ನಕ್ಕ ಮನೆಗಳವರೇ ಓಣಿಯಲ್ಲಿ ಎದುರಾದರೆ ಮಾತಾಡಿಸಿ, ಮಗಳ ಮದುವೆಯ ಮಾತು ಬಂದಾಗ ಬೇರೆ ವಿಷಯ ತೆಗೆದರು. ಅವಳ ಬದುಕೆಲ್ಲ ಆ ಒಂದು ಹೆಸರಿನ ಮೇಲೆ ನಿಂತಿತ್ತು. ಈಗ ಆ ಹೆಸರು ಹೇಳುವಂತಿಲ್ಲ ಎಂದರೆ ಅವಳು ಏನು ಹೇಳಬೇಕು?

ಬಳೆ ಅಂಗಡಿಯವರು ನಮ್ಮ ಆಫೀಸಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಚಾ ಕುಡಿದು, ಅಕ್ಕನ ಗುಣಗಾನ ಮಾಡಿ, ಕಡೆಗೆ ಮೆಲ್ಲಗೆ, "ಹಸಿರು ಬಳಿ ಅಕಿ ಕೈಲೆ ಕೊಡಸೋದು ಛಲೋ ಕಾಣಂಗಿಲ್ರಿ. ಮಂದಿ ಏನಂತಾರ" ಎಂದರು. ಮಾಲಕನಿಗೂ ಅಷ್ಟೇ ಬೇಕಾಗಿತ್ತು. ಅಕ್ಕನನ್ನು ಕರೆಸಿ ಹೇಳಿದ.

"ಅಕ್ಕಾ, ಸುದ್ದಿ ನೀವೇ ಓದ್ರಿ. ಒಡಪಿಗಿ ಯಾರರ ಕಾಲೇಜ್ ಹುಡುಗೀನ ಕೂಡಸ್ತೀನಿ. ತಪ್ಪು ತಿಳ್ಕೋಬ್ಯಾಡ್ರಿ."

ಅಕ್ಕ ಕುರ್ಚಿ ಎಳೆದು ಅವನ ಎದುರಿಗೇ ಕೂತಳು. ಅವಳಿಗಿಂತ ಮಾಲಕ ವಯಸ್ಸಿನಲ್ಲಿ ಚಿಕ್ಕವನು, ಅವನನ್ನು ಅವಳು ತಮ್ಮಾ ಎಂದೇ ಕರೆಯುತ್ತಿದ್ದಳು.

"ತಮ್ಮಾ, ಅವರು ಹ್ವಾದ್ರು. ಅವರ ಹೆಸರೂ ಹೋಗಬೇಕಂತೀಯೇನು? ಇಷ್ಟು ದಿನ ಅವರಿದ್ದಾಗ ಹೇಳೀನಿ. ಈಗ್ಲೇ ನನಗ ಹೇಳಬೇಕನಸ್ತದ."

ಮಾಲಕ ತಲೆ ಕೆರೆದುಕೊಂಡ. ಕಡೆಗೆ ಒಂದು ಸೋಮವಾರಕ್ಕೆ ಒಪ್ಪಿದ. ಮಂದಿ ಫೋನ್ ಮಾಡಿದರೆ ಕಾರ್ಯಕ್ರಮ ಅಕ್ಕನದೇ. ಫೋನ್ ಬರದಿದ್ದರೆ ಅವಳಾಗಿಯೇ ಬಿಟ್ಟುಬಿಡಬೇಕು. ಅಕ್ಕ ಹೂಂ ಎಂದಳು. ನನಗೆ ಕಾಕಾನ ದನಿ ಕೇಳಿದ ಹಾಗಾಯಿತು.

ಆ ಸೋಮವಾರ ಅವಳು ಬೂದು ಬಣ್ಣದ ಸೀರೆ ಉಟ್ಟು ಬಂದಳು. ಹಣೆ ಬೋಳು, ಕೈ ಬೋಳು. ಕ್ಯಾಮೆರಾ ಚಾಲೂ ಆಯಿತು. ಪೀಠಿಕೆ ಹಾಕಲಿಲ್ಲ. ಒಡಪನ್ನೇ ಹೇಳಿದಳು.

"ಬೀಡಿ ಬಿಡ್ರಿ ಅಂದ್ರ ಹೂಂ ಅಂತಿದ್ರು, ಲಗೂನ ಬರ್ರಿ ಅಂದ್ರ ಹೂಂ ಅಂತಿದ್ರು,
ಈಗ ಎಷ್ಟು ಕರದ್ರೂ ಹೂಂ ಅನ್ನವಲ್ರು…"

ಆಮೇಲೆ ಹೆಸರು. ಎಂದಿನ ದನಿಯಲ್ಲೇ, ಎಂದಿನ ಹಾಗೆ ಕತ್ತು ಒಂದು ಕಡೆಗೆ ವಾಲಿಸಿ ಹೇಳಿದಳು. ಕ್ಯಾಮೆರಾ ಹಿಡಿದವನು ಮೂಗು ಒರೆಸಿಕೊಂಡ. "ಇನ್ನ ನೀವು ಹೇಳ್ರಿ, ಯವ್ವಗೋಳ್ರಿ" ಎಂದು ಅಕ್ಕ ಫೋನಿನ ಕಡೆ ಕೈ ತೋರಿಸಿದಳು.

ಫೋನ್ ಹೊಡೆದುಕೊಳ್ಳಲಿಲ್ಲ.

ಮೊದಲಾಗಿದ್ದರೆ ಅವಳು ಒಡಪು ಮುಗಿಸುವ ಮುಂಚೆಯೇ ಅದು ಬಡಕೊಳ್ಳುತ್ತಿತ್ತು. ನಾವು ಕಾದೆವು. ಅಕ್ಕ ಕ್ಯಾಮೆರಾ ನೋಡಿಕೊಂಡೇ ನನಗೆ, "ಫೋನ್ ಸತ್ತದೇನೋ ನೋಡು ತಂಗಿ" ಎಂದಳು. ನಾನು ಎತ್ತಿ ನೋಡಿ, "ಜೀವ ಅದ ಅಕ್ಕಾ" ಎಂದೆ. ಅದೂ ಪ್ರಸಾರವಾಯಿತು. ಒಮ್ಮೆ ಹೊಡೆದುಕೊಂಡಿತು. ಎತ್ತಿದರೆ ಯಾವನೋ ಗಂಡಸು, ತಮ್ಮ ಓಣಿಯಲ್ಲಿ ಎರಡು ದಿನದಿಂದ ಚಾನೆಲ್ ಸರಿ ಬರುತ್ತಿಲ್ಲ, ತಂತಿ ನೋಡಲು ಯಾರನ್ನಾದರೂ ಕಳಿಸಿರಿ ಎಂದು ತಕರಾರು ಮಾಡಿದ. ನನಗೆ ಎಂಥ ಸಿಟ್ಟು ಬಂತೆಂದರೆ, ನಿಮ್ಮ ಓಣಿ ಹಾಳಾಗಿ ಹೋಗಲಿ ಎಂದು ಇಟ್ಟುಬಿಟ್ಟೆ. ಅಕ್ಕನ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ. ಮಾತಿನಿಂದಲೇ ಹೊಟ್ಟೆ ಹೊರೆದವಳು ಆವತ್ತು ಆ ಹೊತ್ತನ್ನು ಮಾತಿನಿಂದ ತುಂಬಿಸಲಿಲ್ಲ. ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಫೋನ್ ನೋಡುತ್ತ ಸುಮ್ಮನೆ ಕೂತಳು. ಹೊತ್ತು ಮುಗಿಯಿತು. ಕೈ ಮುಗಿದಳು. ಮಾಲಕ ಎದ್ದು ದೀಪ ಆರಿಸಿದ. ಕ್ಯಾಸೆಟ್ ಮಾತ್ರ ಎಂದಿನಂತೆ ಮುಂಜಾನೆಯ ಬಸ್ಸಿಗೆ ಹೋಯಿತು. ಬೇಡ ಎಂದು ಹೇಳಲು ಯಾರಿಗೂ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ತನ್ನ ಬಣ್ಣದ ಡಬ್ಬಿ, ಕನ್ನಡಿ ತೆಗೆದುಕೊಂಡು ಹೋಗಲು ಬಂದಿದ್ದಳು. ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. ನಾನು ಅವಳಿಗೆ ಬೆನ್ನು ತಿರುಗಿಸಿ ಕೂತಿದ್ದೆ. ಆಗ ಫೋನ್ ಹೊಡೆದುಕೊಂಡಿತು.

"ಹಲೋ, ನಾ ಚಿಮ್ಮನಚೋಡದಾಕಿ. ಪಿಂಚಣಿ ಕೆಲಸಕ್ಕ ಚಂದಾಪುರಕ್ಕ ಬಂದೀನಿ, ಬೂತ್‌ದಾಗಿಂದ ಮಾತಾಡ್ಲಿಕತ್ತೀನಿ. ಇಲ್ಲಿ ಟಿವಿ ಅದ. ಅಕ್ಕ ಸುಮ್ನ ಕುಂತಾಳಲ್ಲ ಬೇ, ಯಾರೂ ಫೋನ್ ಮಾಡವಲ್ರು. ನನಗ ನೋಡ್ಲಿಕ್ಕ ಆಗವಲ್ದು. ನಾ ಹೇಳ್ತೀನಿ, ಹಚ್ಚು."

ವಯಸ್ಸಾದ ದನಿ. ಇದು ನಿನ್ನೀದ್ರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸ. ಆದರೆ ಹೇಳಲಿಲ್ಲ. ಸ್ಪೀಕರಿಗೆ ಹಚ್ಚಿ, "ಹೇಳ್ರಿ ಯವ್ವಾ" ಎಂದೆ.

ಆಕೆ ಶುರು ಮಾಡಿದಳು. ಬೆಳ್ಳಿ ಬಟ್ಟಲು ಎಂದಳು, ಮುಂದಿನದು ಮರೆತಿತ್ತು. ಮತ್ತೆ ಬೆಳ್ಳಿ ಬಟ್ಟಲು ಎಂದಳು. ಕಡೆಗೆ, "ಹೋಗ್ಲಿ ಬಿಡು, ಒಡಪು ನೆಪ್ಪಿಲ್ಲ. ಅವರು ಹ್ವಾದ ಮ್ಯಾಲ ಯಾರೂ ಕೇಳಿಲ್ಲ" ಎಂದು ಹೆಸರನ್ನಷ್ಟೇ ಹೇಳಿದಳು. ಇನ್ನೊಮ್ಮೆ ಹೇಳಿದಳು. ಆಮೇಲೆ ಬೂತಿನಲ್ಲಿ ಅಳುತ್ತಿರುವುದು ಕೇಳಿಸಿತು. ಅಳುತ್ತಲೇ ತಕರಾರು ತೆಗೆದಳು.

"ನಾ ಇಷ್ಟು ಹೇಳ್ಲಿಕತ್ತೀನಿ, ಅಕ್ಕ ಟಿವ್ಯಾಗ ಇನ್ನಾ ಸುಮ್ನೇ ಕುಂತಾಳಲ್ಲ? ನನ್ನ ಮಾತು ಕೇಳಿಸ್ಲಿಲ್ಲೇನು ಅಕೀಗಿ?"

ಅಷ್ಟರಲ್ಲಿ ಅಕ್ಕ ಸೀರೆಯ ಗಂಟು ಕೆಳಗಿಟ್ಟು ಬಂದು ನನ್ನ ಕೈಯಿಂದ ರಿಸೀವರ್ ಕಸಿದುಕೊಂಡಿದ್ದಳು.

"ಟಿವ್ಯಾಗಿರಾಕಿ ನಿನ್ನಿನಾಕಿ ಬೇ ಯವ್ವಾ. ಅಕಿ ದುಃಖದಾಗ ಅದಾಳ, ಅಕೀನ ಬಿಡು. ನಾ ಇವತ್ತಿನಾಕಿ. ನನಗ ಕೇಳಿಸ್ಯಾದ. ಇನ್ನೊಮ್ಮಿ ಹೇಳು."

ಆಕೆ ಇನ್ನೊಮ್ಮೆ ಹೇಳಿದಳು. ಅಕ್ಕ ಮೂಗು ಏರಿಸುತ್ತಲೇ, "ಹೆಸರು ಭಾರಿ ಅದ. ಮನಷಾ ಹ್ಯಾಂಗಿದ್ರು?" ಎಂದಳು. ಆ ಕಡೆಯಿಂದ, "ಭಾಳ ಸಿಟ್ಟಿನವರು. ಚಾ ತಣ್ಣಗಾದ್ರ ಕಪ್ಪು ಒಗೀತಿದ್ರು." ಅಕ್ಕ, "ಹಂಗಾದ್ರ ನಿಮ್ಮನ್ಯಾಗ ಕಪ್ಪು ಈಗ ಉಳದಿರಬೇಕಲ್ಲ" ಎಂದಳು. ಬೂತಿನಲ್ಲಿ ಆಕೆ ನಕ್ಕಳು. ಅಳುತ್ತಿದ್ದವಳು ಹಾಗೆ ನಕ್ಕದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಆಕೆಯ ಹಿಂದೆ ಬೂತಿನಲ್ಲಿ ನಿಂತವರೂ ನಕ್ಕರು. ಅವರಲ್ಲೊಬ್ಬಳು, "ತಾ ಇಲ್ಲಿ, ನಾನೂ ಹೇಳ್ತೀನಿ" ಎಂದದ್ದು ಕೇಳಿಸಿತು.

ಆವತ್ತು ಚಂದಾಪುರದ ಆ ಬೂತಿನಿಂದ, ಆಮೇಲೆ ಚಿಂಚೋಳಿಯ ಮನೆಗಳಿಂದ, ಫೋನ್ ಬರುತ್ತಲೇ ಇದ್ದವು. ಎಲ್ಲ ಗಂಡ ಸತ್ತ ಹೆಂಗಸರಲ್ಲ, ಮುತ್ತೈದೆಯರೂ ಇದ್ದರು. ಟಿವಿಯಲ್ಲಿ ಸುಮ್ಮನೆ ಕೂತ ಅಕ್ಕನನ್ನು ನೋಡಿ ಫೋನಿಗೆ ಓಡಿದವರು. ತಮ್ಮ ದನಿಯನ್ನು ನಾಲ್ಕು ಊರು ಕೇಳುತ್ತಿದೆ ಎಂದು ಅವರೆಲ್ಲ ತಿಳಿದಿದ್ದರು. ಕೇಳಿದವರು ನಾವಿಬ್ಬರೇ. ಕ್ಯಾಮೆರಾ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಒಬ್ಬಳು ಮಾತ್ರ ತೆಲುಗು ಬೆರೆತ ಕನ್ನಡದಲ್ಲಿ, "ಇದು ಟಿವ್ಯಾಗ ಬರ್ಲಿಕತ್ತದೇನ್ರಿ?" ಎಂದು ಕೇಳಿದಳು. ಅಕ್ಕ ಸುಳ್ಳು ಹೇಳಲಿಲ್ಲ. ಬರುತ್ತಿಲ್ಲ ಎಂದಳು. ಆಕೆ, "ಹಂಗಾದ್ರ ಇನ್ನಾ ಛಲೋ ಆಯ್ತು" ಎಂದು ಗಂಡನ ಹೆಸರು ಹೇಳಿ ಇಟ್ಟುಬಿಟ್ಟಳು.

ಸಂಜೆ ಮಾಲಕ ಬಂದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆತ ಮುಖ ಗಂಟಿಕ್ಕಿದ.

"ಸೋಮವಾರದ ಫೋನು ಮಂಗಳವಾರ ಬಂದ್ರ ಅದನ್ನ ಹಿಡೀಬೇಕೇನು?"

"ಚಂದಾಪುರದಾಗ ಇವತ್ತೇ ಸೋಮವಾರ ಅದ ತಮ್ಮಾ" ಎಂದಳು ಅಕ್ಕ. ಲವಂಗ ಮತ್ತೆ ದವಡೆಗೆ ಹೋಗಿತ್ತು.

ಮಾಲಕ ನಗದಿರಲು ಬಹಳ ಕಷ್ಟಪಟ್ಟ. ಆಗಲಿಲ್ಲ. ಮುಂದಿನ ಸೋಮವಾರ ಅಕ್ಕನೇ ಕೂತಳು. ಮಂಗಳವಾರದ ಫೋನುಗಳ ಕಥೆಯನ್ನು ಅವಳು ಕ್ಯಾಮೆರಾ ಮುಂದೆ ಹೇಳಿದಳು, ಯಾರ ಹೆಸರನ್ನೂ ಬಿಟ್ಟುಕೊಡದೆ, ಬೂತಿನಲ್ಲಿ ಅತ್ತು ನಕ್ಕವರ ದನಿಯನ್ನೆಲ್ಲ ಮಾಡಿ ತೋರಿಸಿ. ಆವತ್ತು ವಾಡಿಯಿಂದ ಒಂದು, ಗುಂಡಗುರ್ತಿಯಿಂದ ಚಿತ್ತಾಪುರದ ಮಗಳ ಮನೆಗೆ ಬಂದಿದ್ದವಳದೊಂದು ಫೋನ್ ಬಂತು. ಹೆಚ್ಚು ಬರಲಿಲ್ಲ. ಅದರ ಮುಂದಿನ ವಾರ ಇನ್ನಷ್ಟು ಬಂದವು.

ಊರು ಬದಲಾಗಿಬಿಟ್ಟಿತು ಎಂದು ನಾನು ಹೇಳುವುದಿಲ್ಲ. ಬಳೆ ಅಂಗಡಿಯವರು ಕೈ ತೊಳೆದುಕೊಂಡರು. ಅವರ ಬದಲಿಗೆ ಪಾತ್ರೆ ಅಂಗಡಿಯವನು ಸ್ಟೀಲ್ ಡಬ್ಬಿ ಕೊಡತೊಡಗಿದ. ಡಬ್ಬಿ ಯಾರ ಮನೆಗಾದರೂ ನಡೆಯುತ್ತದೆ. ಕೆಲವು ಮನೆಗಳಲ್ಲಿ ಸೋಮವಾರ ಆ ಹೊತ್ತಿಗೆ ಟಿವಿ ಬಂದ್ ಮಾಡುತ್ತಿದ್ದರು, ಅದನ್ನು ಅವರೇ ಬಂದು ನಮಗೆ ಹೇಳುತ್ತಿದ್ದರು. ಮದುವೆ ಮನೆಯ ಕರೆಗಳು ಅಕ್ಕನಿಗೆ ಮೊದಲಿನ ಹಾಗೆ ಮತ್ತೆ ಬರಲೇ ಇಲ್ಲ. ಅದರ ಬಗ್ಗೆ ಅವಳಿಗೆ ಕಡೆಯವರೆಗೂ ನೋವಿತ್ತು. ನಗೆಮಾತಿನಲ್ಲೂ ಅದನ್ನು ಎತ್ತುತ್ತಿರಲಿಲ್ಲ. ಎತ್ತದಿದ್ದದ್ದರಿಂದಲೇ ನನಗೆ ಗೊತ್ತಾಗುತ್ತಿತ್ತು.

ನನ್ನ ಮದುವೆಯಾಗಿ ನಾನು ಸೇಡಂಗೆ ಬಂದೆ. ಅಕ್ಕನನ್ನು ಸಿನಿಮಾದವರು ಬೆಂಗಳೂರಿಗೆ ಕರೆಸಿದರು. ಎರಡು ಸಿನಿಮಾದಲ್ಲಿ ಮುದುಕಿಯಾಗಿ ಬಂದಳು. ಅವಳು ಬಾಯಿ ತೆರೆದರೆ ಸಾಕು, ನಮ್ಮ ಕಡೆಯ ಮಾತೆಂದು ಅಲ್ಲಿಯವರು ನಗುತ್ತಿದ್ದರಂತೆ. "ನಮ್ಮ ಭಾಷಾಕ್ಕ ನಗಬ್ಯಾಡ್ರಿ, ನಾ ಜೋಕ್ ಹೇಳೂತನ ತಡೀರಿ ಅಂದೆ ತಂಗಿ" ಎಂದು ಫೋನಿನಲ್ಲಿ ಹೇಳಿದಳು. ಮೂರನೆಯದಕ್ಕೆ ಕರೆದಾಗ ಹೋಗಲಿಲ್ಲ. ಡಿಶ್ ಬಂದು ನಮ್ಮ ಲೋಕಲ್ ಚಾನೆಲ್ ಮುಚ್ಚಿದ ಮೇಲೆ, ಅಕ್ಕನ ಮಗಳ ಮಗಳು ಮೊಬೈಲ್ ಹಿಡಿದು ಅಜ್ಜಿಯ ವೀಡಿಯೊ ಮಾಡಿ ಬಿಡತೊಡಗಿದಳು. ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಅವುಗಳನ್ನು ಜೋರಾಗಿ ಹಚ್ಚಿಕೊಂಡು ನಗುವುದನ್ನು ಕೇಳಿ ನಾನು ತರಕಾರಿ ಚೀಲ ಹಿಡಿದು ನಿಂತುಬಿಡುತ್ತಿದ್ದೆ. ಅಲ್ಲೂ ಸೋಮವಾರ ಒಂದು ಒಡಪು ತಪ್ಪುತ್ತಿರಲಿಲ್ಲ. ಕಾಕಾ ಹೋಗಿ ಅಷ್ಟು ವರ್ಷವಾಗಿದ್ದರೂ ಅವರ ಗೊರಕೆಯ ಬಗ್ಗೆ ಅವಳಿಗೆ ಹೊಸದು ಸಿಗುತ್ತಲೇ ಇತ್ತು.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಸುದ್ದಿ ನನಗೆ ಮೊಬೈಲಿನಲ್ಲೇ ಬಂತು. ಶಹಾಬಾದಕ್ಕೆ ಹೋಗಲು ನನ್ನಿಂದ ಆಗಲಿಲ್ಲ, ನನ್ನವರು ಆಗ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ಮಳೆ ಶುರುವಾಗುವ ಹೊತ್ತಿಗೆ ಅವರೂ ಹೋದರು. ಒಂದೇ ವರ್ಷದಲ್ಲಿ ಎರಡು. ಹೇಳಿಕೊಂಡು ಅಳಬೇಕೆಂದರೆ ಅಕ್ಕ ಇರಲಿಲ್ಲ.

ಹಲ್ಲಿನ ಡಾಕ್ಟರ ಬಳಿಗೆ ಹೋಗಿ ಬಂದ ಆ ವಾರವೇ ನನ್ನ ನಾದಿನಿಯ ಮಗಳ ಮದುವೆ ಇತ್ತು. ಇಲ್ಲೇ ಸೇಡಂನಲ್ಲಿ, ಕಲ್ಯಾಣ ಮಂಟಪದಲ್ಲಿ. ಊಟವಾದ ಮೇಲೆ ಹೆಂಗಸರೆಲ್ಲ ಸುತ್ತ ಕೂತರು. ಈಗ ಇದಕ್ಕೂ ಮೈಕು ಹಿಡಿದು ನಡೆಸಿಕೊಡಲು ಒಬ್ಬ ಹುಡುಗಿಯನ್ನು ಕರೆಸುತ್ತಾರೆ. ಅವಳು ಒಬ್ಬೊಬ್ಬರ ಬಾಯಿಗೆ ಮೈಕು ಹಿಡಿದು ಒಡಪು ಹೇಳಿಸುತ್ತ ಬಂದಳು. ಬೆಳ್ಳಿ ಬಟ್ಟಲು, ಮಲ್ಲಿಗೆ ಮೊಗ್ಗು. ನನ್ನ ಹತ್ತಿರ ಬಂದಳು, ಹಣೆ ನೋಡಿದಳು, ನಕ್ಕು ತಲೆ ಬಾಗಿಸಿ ಪಕ್ಕದವಳಿಗೆ ಮೈಕು ಹಿಡಿದಳು. ಹುಡುಗಿಯದು ತಪ್ಪೇನಿಲ್ಲ. ಮರ್ಯಾದೆಯಿಂದಲೇ ಮಾಡಿದಳು.

"ಮೈಕು ತಾ ಇಲ್ಲಿ" ಎಂದೆ.

ನಾದಿನಿ ನನ್ನ ಸೆರಗು ಜಗ್ಗಿದಳು. ನಾನು ಬಿಡಲಿಲ್ಲ. ಮೈಕು ತೆಗೆದುಕೊಂಡು, ಆಸ್ಪತ್ರೆಯ ಮಂಚದ ಪಕ್ಕ ಕೂತ ದಿನಗಳಲ್ಲಿ ಕಟ್ಟಿಟ್ಟಿದ್ದ ಎರಡು ಸಾಲು ಹೇಳಿದೆ. ನಮ್ಮವರ ಕನ್ನಡಕದ ಬಗ್ಗೆ, ಅದನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದುದರ ಬಗ್ಗೆ. ಆಮೇಲೆ ಹೆಸರು ಹೇಳಿದೆ. ದನಿ ನಡುಗಲಿಲ್ಲ.

ನಗುವ ಒಡಪೇ ಅದು. ಆದರೆ ಯಾರೂ ನಗಲಿಲ್ಲ. ಮಂಟಪದ ತುಂಬ ಹೆಂಗಸರು ನೆಲ ನೋಡುತ್ತ ಕೂತರು. ಅಕ್ಕ ಇದ್ದಿದ್ದರೆ ಆ ಎರಡೇ ಸಾಲಿಗೆ ಅವರೆಲ್ಲರನ್ನೂ ನಗಿಸಿಬಿಡುತ್ತಿದ್ದಳು. ಹೆಸರು ಹೇಳುವುದನ್ನು ನಾನು ಅವಳನ್ನು ನೋಡಿ ಕಲಿತಿದ್ದೆ. ನಗಿಸುವುದು ಮಾತ್ರ ಅವಳ ಜೊತೆಗೇ ಹೋಯಿತು.